ಮನೆ ಅಡುಗೆಗೆ ದೊಡ್ಡ ಸ್ಟೀಲ್ ಬೋಗಾಣಿ ಆರಿಸುವುದು: ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಹೇಳಿರುವುದು 8ರಿಂದ 36 ಲೀಟರ್‌ವರೆಗಿನ, ಮನೆಯ ಒಲೆಯ ಮೇಲೆ ಕೂರುವ ಪಾತ್ರೆಗಳ ವಿಷಯ. ಜಾತ್ರೆಯ ದಾಸೋಹದ ಕೊಪ್ಪರಿಗೆ, ಮದುವೆ ಅಡುಗೆಯವರ ಹಂಡೆಗಳ ಲೆಕ್ಕವೇ ಬೇರೆ.

ಅಂಗಡಿಗೆ ಹೋಗಿ ಏನೆಂದು ಕೇಳಬೇಕು?

"ಸ್ಟಾಕ್ ಪಾಟ್" ಎಂಬ ಹೆಸರು ಆನ್‌ಲೈನ್‌ನಲ್ಲಿ ನಡೆಯುತ್ತದೆ, ಬಜಾರಿನಲ್ಲಿ ಅಷ್ಟಾಗಿ ನಡೆಯುವುದಿಲ್ಲ. ಬೋಗಾಣಿ, ಡಬರಿ, ತಪೇಲಿ, ಪಾತೇಲಿ ಎಂಬ ಹೆಸರುಗಳೂ ಊರಿಂದ ಊರಿಗೆ ಅರ್ಥ ಬದಲಿಸುತ್ತವೆ. ಹೆಸರು ಬಿಟ್ಟು ಆಕಾರ ಹೇಳಿ: "ಸಪಾಟು ತಳ, ನೆಟ್ಟನೆಯ ಗೋಡೆ, ಎತ್ತರ ಬಾಯಿಯ ಅಗಲದಷ್ಟೇ ಇರಬೇಕು, ಎರಡು ಹಿಡಿಕೆ, ಮುಚ್ಚಳ ಬೇಕು." ಜೊತೆಗೆ ಸೆಂಟಿಮೀಟರ್‌ನಲ್ಲಿ ಅಳತೆ ಹೇಳಿದರೆ ಗೊಂದಲವೇ ಇರುವುದಿಲ್ಲ. ಮನೆಯಿಂದ ಹೊರಡುವಾಗ ಅಳತೆ ಟೇಪು ಒಂದನ್ನು ಚೀಲಕ್ಕೆ ಹಾಕಿಕೊಳ್ಳಿ.

ಎತ್ತರದ್ದು ಬೇಕೋ, ಅಗಲದ್ದು ಬೇಕೋ?

ಇದನ್ನು ನಿರ್ಧರಿಸದೆ ಬೇರೆ ಯಾವುದನ್ನೂ ನಿರ್ಧರಿಸಬೇಡಿ. ತೆಳ್ಳಗೆ ಕುದಿಯುವ ಅಡುಗೆಗೆ ಎತ್ತರದ ಪಾತ್ರೆ, ಗಟ್ಟಿಯಾಗಿ ಕುದಿಯುವ ಅಡುಗೆಗೆ ಅಗಲದ ಪಾತ್ರೆ.

ಕಾಲು ಸೂಪು, ಎಲುಬಿನ ರಸ, ಬೇಳೆಕಟ್ಟು, ಸಾರು, ಬಸಿಯುವ ಅನ್ನ, ಕುದಿಸಿದ ಶೇಂಗಾ, ಮೆಕ್ಕೆತೆನೆ ಇವೆಲ್ಲ ಎತ್ತರದ ಪಾತ್ರೆಯ ಕೆಲಸ. ತಳದಲ್ಲಿ ಕಾದ ನೀರು ತಾನೇ ಮೇಲೇರಿ, ತಣ್ಣನೆಯದು ಕೆಳಗಿಳಿದು ತಿರುಗುತ್ತಿರುತ್ತದೆ. ಸೌಟು ಆಡಿಸುವ ಕೆಲಸ ಕಡಿಮೆ. ಬಾಯಿ ಕಿರಿದಾದ್ದರಿಂದ ನೀರು ಬೇಗ ಇಂಗುವುದಿಲ್ಲ. 24 ಸೆಂ.ಮೀ. ಬಾಯಿಯ ಮೇಲ್ಮೈ ಸುಮಾರು 450 ಚದರ ಸೆಂ.ಮೀ., 36 ಸೆಂ.ಮೀ.ಯದ್ದು ಸಾವಿರ ದಾಟುತ್ತದೆ. ನಾಲ್ಕೈದು ತಾಸು ಸಣ್ಣ ಉರಿಯಲ್ಲಿ ಕುದಿಸುವ ಕಾಲು ಸೂಪಿಗೆ ಅಗಲದ ಪಾತ್ರೆ ಇಟ್ಟರೆ ಮತ್ತೆ ಮತ್ತೆ ನೀರು ಹಾಕುತ್ತಲೇ ಇರಬೇಕು.

ಗೋಧಿ ಹುಗ್ಗಿ, ಜೋಳದ ಸಂಗಟಿ, ಹೋಳಿಗೆಯ ಹೂರಣ, ಬಿರಿಯಾನಿ ಇವಕ್ಕೆ ಎತ್ತರದ ಬೋಗಾಣಿ ತಂದರೆ ಪಶ್ಚಾತ್ತಾಪ ಖಂಡಿತ. ಗಟ್ಟಿ ಪದಾರ್ಥ ತಾನಾಗಿ ತಿರುಗುವುದಿಲ್ಲ. ತಳದ ಎರಡು ಬೆರಳು ಹುಗ್ಗಿ ಸೀಯುವಾಗ ಮೇಲಿನದು ಇನ್ನೂ ಉಗುರು ಬೆಚ್ಚಗಿರುತ್ತದೆ, ಹುಟ್ಟು ಹಾಕಿ ತಳ ಕೆರೆಯಲು ಕೈಗೆ ಎಟುಕುವುದೂ ಇಲ್ಲ. ಒಂದೇ ಪಾತ್ರೆಯಲ್ಲಿ ಎರಡೂ ಆಗಬೇಕೆನ್ನುವವರು ಎತ್ತರ ಅಗಲದ ಮುಕ್ಕಾಲು ಭಾಗ ಇರುವುದನ್ನು ನೋಡಿ (30 ಸೆಂ.ಮೀ. ಅಗಲ, 22 ಸೆಂ.ಮೀ. ಎತ್ತರ, 15 ಲೀಟರ್ ಮೇಲೆ ಹಿಡಿಯುತ್ತದೆ).

ಎಷ್ಟು ಲೀಟರಿನದು ಸಾಕು?

ಜನ ಸಾಮಾನ್ಯವಾಗಿ ಬೇಕಾದ್ದಕ್ಕಿಂತ ಒಂದೂವರೆ ಪಟ್ಟು ದೊಡ್ಡದನ್ನು ಒಯ್ಯುತ್ತಾರೆ. ವರ್ಷಕ್ಕೆ ಎರಡು ಸಲ ಬರುವ ನೆಂಟರ ಲೆಕ್ಕದಲ್ಲಿ ಕೊಂಡ ಪಾತ್ರೆ ಉಳಿದ ದಿನವೆಲ್ಲ ಅಟ್ಟದ ಮೇಲೆ ಅಕ್ಕಿ ತುಂಬಿಕೊಂಡು ಕೂರುತ್ತದೆ. ಆರು ಜನರ ಮನೆಗೆ, ತಿಂಗಳಿಗೆ ಎರಡು ಮೂರು ಸಲ ದೊಡ್ಡ ಅಡುಗೆ ಇದ್ದರೆ, 10ರಿಂದ 14 ಲೀಟರ್ ಧಾರಾಳವಾಯಿತು.

ಲೆಕ್ಕ ಹೀಗೆ: ಒಳಗಿನ ಅಗಲವನ್ನು ಅಗಲದಿಂದಲೇ ಗುಣಿಸಿ, ಎತ್ತರದಿಂದ ಗುಣಿಸಿ, 0.785ರಿಂದ ಗುಣಿಸಿ, 1000ದಿಂದ ಭಾಗಿಸಿ. ಎಲ್ಲ ಅಳತೆ ಸೆಂ.ಮೀ.ನಲ್ಲಿ, ಉತ್ತರ ಲೀಟರ್‌ನಲ್ಲಿ. ಅಗಲ, ಎತ್ತರ ಎರಡೂ 24 ಇದ್ದರೆ ಹೆಚ್ಚುಕಡಿಮೆ 11 ಲೀಟರ್, 26 ಇದ್ದರೆ 14, 28ಕ್ಕೆ 17, 30ಕ್ಕೆ 21, 32ಕ್ಕೆ ಸುಮಾರು 26, 36ಕ್ಕೆ 36 ದಾಟುತ್ತದೆ. ಎರಡೇ ಸೆಂ.ಮೀ. ಹೆಚ್ಚಾದರೆ ಮೂರು ನಾಲ್ಕು ಲೀಟರ್ ಏರುತ್ತದೆ ನೋಡಿ. ಪೆಟ್ಟಿಗೆಯ ಮೇಲೆ ಬರೆದ ಲೀಟರ್ ಕಂಠಮಟ್ಟದ ಲೆಕ್ಕ. ಅಡುಗೆಗೆ ಸಿಗುವುದು ಅದರ ಮುಕ್ಕಾಲು ಭಾಗ; ತೊಗರಿಬೇಳೆ, ಗಂಜಿಯಂಥ ಉಕ್ಕುವ ಪದಾರ್ಥಕ್ಕೆ ಮೂರರಲ್ಲಿ ಎರಡು ಭಾಗ.

ಮೂರು ಕೆ.ಜಿ. ಎಲುಬಿಗೆ ಮುಳುಗುವಷ್ಟು ಎಂದರೆ ಸುಮಾರು ಐದು ಲೀಟರ್ ನೀರು. 11 ಲೀಟರಿನದು ಸರಿಹೋಗುತ್ತದೆ. ಐವತ್ತು ಜನಕ್ಕೆ ತಲಾ 200 ಮಿ.ಲೀ. ಸಾರು ಎಂದರೆ 10 ಲೀಟರ್, ಅದಕ್ಕೆ 14ರದ್ದು. ಗಂಗಾವತಿ, ಸಿಂಧನೂರು ಕಡೆಯ ಸೋನಾಮಸೂರಿಯನ್ನು ಬಸಿದು ಅನ್ನ ಮಾಡುವವರು ಕೆ.ಜಿ. ಅಕ್ಕಿಗೆ ಐದು ಲೀಟರ್ ನೀರು ಹಿಡಿಯಲಿ: ಎರಡು ಕೆ.ಜಿ.ಗೆ 17 ಲೀಟರಿನದು ಬೇಕು. ಚಿಕ್ಕದಾದರೆ ಗಂಜಿ ಉಕ್ಕಿ ಬರ್ನರ್ ಆರಿಸುತ್ತದೆ. ಗ್ಯಾಸ್ ಮಾತ್ರ ಸೋರುತ್ತಲೇ ಇರುತ್ತದೆ, ಹುಷಾರು.

ನಮ್ಮ ಒಲೆ ಇಷ್ಟು ದೊಡ್ಡದನ್ನು ತಡೆಯುತ್ತದೆಯೇ?

ಕೊಳ್ಳುವ ಮೊದಲು ಒಲೆಯನ್ನು ಅಳೆಯಿರಿ: ಬರ್ನರ್ ನಡುವಿನಿಂದ ಗೋಡೆಗೆ ಎಷ್ಟು, ಪಕ್ಕದ ಬರ್ನರ್‌ಗೆ ಎಷ್ಟು, ಮುಂದಿನ ತಿರುವಿಗೆ ಎಷ್ಟು ಎಂದು. ಇವುಗಳಲ್ಲಿ ಚಿಕ್ಕದರ ದುಪ್ಪಟ್ಟಿಗಿಂತ ಪಾತ್ರೆಯ ತಳ ಕಿರಿದಾಗಿರಬೇಕು. ಮಾಮೂಲಿ ಎರಡು ಬರ್ನರ್ ಒಲೆಯ ಮೇಲೆ 28 ಸೆಂ.ಮೀ. ದಾಟಿದರೆ ಪಕ್ಕದ ಬರ್ನರ್ ಕೆಲಸಕ್ಕೆ ಬಾರದು. ಗಾಜಿನ ಮೇಲ್ಮೈಯ ಒಲೆಗಳಲ್ಲಿ ಇನ್ನೊಂದು ತೊಂದರೆ ಇದೆ: ಅಗಲದ ತಳ ಉರಿಯ ಶಾಖವನ್ನು ಕೆಳಗೆ ತಳ್ಳುತ್ತದೆ, ಗಾಜು ಒಂದೇ ಕಡೆ ಕಾದು ಸಿಡಿಯಬಹುದು. 20 ಲೀಟರ್ ಮೇಲಿನದಕ್ಕೆ ನೆಲದ ಮೇಲಿಡುವ ಒಂಟಿ ಬರ್ನರ್ ಕಬ್ಬಿಣದ ಒಲೆಯೇ ಯೋಗ್ಯ. ತುಂಬಿದ ಪಾತ್ರೆಯನ್ನು ಎದೆಮಟ್ಟದ ಕಟ್ಟೆಯಿಂದ ಇಳಿಸುವ ಸಾಹಸವೂ ತಪ್ಪುತ್ತದೆ.

ಸಮಯದ ಅಂದಾಜು: 30 ಡಿಗ್ರಿಯ 15 ಲೀಟರ್ ನೀರು ಕುದಿಯಲು ಸುಮಾರು 4,400 ಕಿಲೋಜೂಲ್ ಶಾಖ ಬೇಕು. ಮನೆ ಒಲೆಯ ದೊಡ್ಡ ಬರ್ನರ್‌ನಿಂದ ಪಾತ್ರೆಗೆ ಇಳಿಯುವುದು ಒಂದೂವರೆ ಕಿಲೋವಾಟ್ ಒಳಗೇ. ಹಾಗಾಗಿ ಮುಚ್ಚಳ ಮುಚ್ಚಿಯೂ 50 ನಿಮಿಷ, 150 ಗ್ರಾಂ ಆಸುಪಾಸು ಗ್ಯಾಸ್ ಹಿಡಿಯುತ್ತದೆ. "ಪಾತ್ರೆ ಬೇಗ ಕಾಯುತ್ತಿಲ್ಲ" ಎಂಬ ದೂರು ಬಹುತೇಕ ಪಾತ್ರೆಯದಲ್ಲ, ಬರ್ನರ್‌ನದು.

ತಳ ಹೇಗಿರಬೇಕು? "ಸ್ಯಾಂಡ್‌ವಿಚ್ ತಳ" ಎಂದರೇನು?

ಸ್ಟೇನ್‌ಲೆಸ್ ಸ್ಟೀಲ್ ಶಾಖ ಹರಡುವುದರಲ್ಲಿ ಬಲು ಸೋಮಾರಿ. ಅಲ್ಯುಮಿನಿಯಂ ಅದಕ್ಕಿಂತ ಹತ್ತು ಪಟ್ಟಿಗೂ ಮಿಕ್ಕಿ, ತಾಮ್ರ ಇಪ್ಪತ್ತು ಪಟ್ಟಿಗೂ ಮಿಕ್ಕಿ ಚೆನ್ನಾಗಿ ಶಾಖ ಒಯ್ಯುತ್ತವೆ. ಬರೀ ಸ್ಟೀಲ್ ತಳದಲ್ಲಿ ಉರಿ ತಾಗಿದ ಕಡೆ ಉಂಗುರದಂತೆ ಸೀಯುವುದು, ಅದರಾಚೆ ಬೇಯದೇ ಇರುವುದು ಇದೇ ಕಾರಣಕ್ಕೆ. ಸ್ಯಾಂಡ್‌ವಿಚ್ ತಳದಲ್ಲಿ ಎರಡು ಸ್ಟೀಲ್ ಪದರಗಳ ನಡುವೆ ಅಲ್ಯುಮಿನಿಯಂ ಬಿಲ್ಲೆ ಇರುತ್ತದೆ. ದೊಡ್ಡ ಪಾತ್ರೆಯಲ್ಲಿ ಆ ಬಿಲ್ಲೆ ನಾಲ್ಕೈದು ಮಿ.ಮೀ. ದಪ್ಪ ಇದ್ದರೆ ಒಳ್ಳೆಯದು.

ಮೂರು ಪರೀಕ್ಷೆ ಮಾಡಿ. ಒಂದು, ಬಿಲ್ಲೆಯ ಅಂಚು ಗೋಡೆಯ ಬುಡದವರೆಗೆ ಬಂದಿದೆಯೇ ನೋಡಿ. 28 ಸೆಂ.ಮೀ. ಪಾತ್ರೆಗೆ 20 ಸೆಂ.ಮೀ. ಬಿಲ್ಲೆ ಅಂಟಿಸಿದ್ದರೆ ಅದರಾಚೆಯ ವೃತ್ತದಲ್ಲಿ ಬೇಳೆ ತಳ ಹಿಡಿಯುತ್ತದೆ. ಎರಡು, ತಳಕ್ಕೆ ಅಡ್ಡಲಾಗಿ ಸ್ಕೇಲ್ ಇಡಿ. ನಡುವೆ ಕೂದಲೆಳೆಯಷ್ಟು ಒಳಗುಳಿ ಇದ್ದರೆ ಅಡ್ಡಿಯಿಲ್ಲ, ಕಾದಾಗ ಸಪಾಟಾಗುತ್ತದೆ. ಹೊರಕ್ಕೆ ಉಬ್ಬಿದ್ದರೆ ಬಿಟ್ಟುಬಿಡಿ, ಒಲೆಯ ಮೇಲೆ ಬುಗುರಿಯಂತೆ ತಿರುಗುತ್ತದೆ. ಮೂರು, ತಳವನ್ನು ಬೆರಳ ಗೆಣ್ಣಿನಿಂದ ಬಡಿಯಿರಿ: ಗಟ್ಟಿ ಬಿಲ್ಲೆ ಮಂದವಾಗಿ "ದಬ್" ಎನ್ನುತ್ತದೆ, ತೆಳು ತಗಡು ತಟ್ಟೆಯಂತೆ ನಾದ ಹೊಮ್ಮಿಸುತ್ತದೆ.

ಕೆಲವು ಪಾತ್ರೆಗಳ ಹೊರತಳಕ್ಕೆ ತಾಮ್ರದ ಬಣ್ಣ ಇರುತ್ತದೆ. ಅದು ಕಾಗದದಷ್ಟು ತೆಳು ಲೇಪ. ನೋಡಲು ಚಂದ, ಶಾಖಕ್ಕೆ ಲೆಕ್ಕವಿಲ್ಲ.

ಗೋಡೆಯೂ ಮೂರು ಪದರದ ಟ್ರೈಪ್ಲೈ ತೆಗೆದುಕೊಳ್ಳಲೇ?

ಸಾರು, ಸೂಪಿಗಾದರೆ ಬೇಡ. ಗೋಡೆಗೆ ತಾಗುವುದು ನೀರು. ನೀರೇ ಶಾಖ ಹಂಚುತ್ತದೆ. ಆ ರೊಕ್ಕವನ್ನು ಮಸಾಲೆ ಹುರಿಯುವ ಕಡಾಯಿಗೆ ಹಾಕಿ.

ಗೇಜ್ ಎಂದರೇನು? ತೂಕ ನೋಡಿ ಕೊಳ್ಳುವುದು ಸರಿಯೇ?

ಗೇಜ್ ಸಂಖ್ಯೆ ಇಳಿದಷ್ಟೂ ತಗಡು ದಪ್ಪ. 22 ಗೇಜ್ ಎಂದರೆ 0.7 ಮಿ.ಮೀ., 20 ಎಂದರೆ 0.9, 18 ಎಂದರೆ 1.2, 16 ಎಂದರೆ 1.6 ಮಿ.ಮೀ. ಹತ್ತಿರ. ಹತ್ತು ಲೀಟರ್‌ವರೆಗೆ 20 ಗೇಜ್ ನಡೆಯುತ್ತದೆ, ಮೇಲಿನದಕ್ಕೆ 18 ಕೇಳಿ. 22ರ ದೊಡ್ಡ ಬೋಗಾಣಿ ತುಂಬಿ ಎತ್ತಿದರೆ ಬಾಯಿ ಅಂಡಾಕಾರಕ್ಕೆ ತಿರುಗುತ್ತದೆ, ಮುಚ್ಚಳ ಕೂರುವುದಿಲ್ಲ.

ನಮ್ಮ ಬಜಾರಿನಲ್ಲಿ ಸ್ಟೀಲ್ ಪಾತ್ರೆಗಳನ್ನು ಕೆ.ಜಿ. ಲೆಕ್ಕದಲ್ಲೂ ಕೊಡುತ್ತಾರಾದ್ದರಿಂದ ತಕ್ಕಡಿಯೇ ಸಾಕ್ಷಿ. 28 ಸೆಂ.ಮೀ. ಅಗಲ, ಅಷ್ಟೇ ಎತ್ತರದ ಬರೀ ಪಾತ್ರೆ (ಮುಚ್ಚಳ, ಹಿಡಿಕೆ, ಬಿಲ್ಲೆ ಬಿಟ್ಟು) 1.2 ಮಿ.ಮೀ. ತಗಡಾದರೆ 2.9 ಕೆ.ಜಿ. ಸುಮಾರು ತೂಗಬೇಕು, 0.7 ಆದರೆ 1.7 ಕೆ.ಜಿ. ಗಟ್ಟಿ ಬಿಲ್ಲೆ ಇದ್ದರೆ ಮುಕ್ಕಾಲು ಕೆ.ಜಿ. ಮೇಲೆ ಸೇರುತ್ತದೆ. ಅಂಗಡಿಯವರು "18 ಗೇಜ್" ಎಂದು ಹೇಳಿದ ಪಾತ್ರೆ ಎರಡು ಕೆ.ಜಿ.ಯನ್ನೂ ಮುಟ್ಟದಿದ್ದರೆ ಮಾತು ಮುಂದುವರಿಸುವ ಅಗತ್ಯವಿಲ್ಲ. ದಾರ ಸುತ್ತಿದ ರಟ್ಟು, ಮುಚ್ಚಳದೊಳಗಿನ ಕಾಗದ ತೆಗೆಸಿಯೇ ತೂಗಿಸಿ.

304, 202 ಎನ್ನುತ್ತಾರಲ್ಲ, ಆಯಸ್ಕಾಂತ ಹಿಡಿದು ನೋಡಿದರೆ ಗೊತ್ತಾಗುವುದಿಲ್ಲವೇ?

ಗೊತ್ತಾಗುವುದಿಲ್ಲ. ಈ ತಪ್ಪು ತಿಳಿವಳಿಕೆ ಬಹಳ ಹಬ್ಬಿದೆ. ಈ ಸಂಖ್ಯೆಗಳು ಸ್ಟೇನ್‌ಲೆಸ್ ಸ್ಟೀಲ್‌ನ ದರ್ಜೆಗಳ ಹೆಸರು. 304ರಲ್ಲಿ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್ ಇರುತ್ತದೆ. 18/8 ಎಂದು ಒತ್ತಿರುವುದು ಇದನ್ನೇ. 201, 202ರಲ್ಲಿ ದುಬಾರಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ. ಇವೆರಡಕ್ಕೂ ಆಯಸ್ಕಾಂತ ಅಂಟುವುದಿಲ್ಲ. ಅಂಟುವುದು ನಿಕ್ಕಲ್ ಇಲ್ಲದ 430ಕ್ಕೆ. ಇನ್ನು ಒಳ್ಳೆಯ 304 ಪಾತ್ರೆಯ ಬಾಗಿದ ಕಂಠದಲ್ಲಿ ತುಸು ಸೆಳೆತ ಕಂಡರೆ ಅದು ಮೋಸವಲ್ಲ, ತಗಡನ್ನು ಎಳೆದು ಬಗ್ಗಿಸಿದಾಗ ಹಾಗಾಗುತ್ತದೆ.

ವ್ಯತ್ಯಾಸ ತಿಳಿಯಲು ಗುಜರಿ ವ್ಯಾಪಾರಿಗಳ ಬಳಿ ಒಂದು ದ್ರಾವಣ ಇರುತ್ತದೆ: ಒಂದು ಹನಿ ಹಾಕಿ 9 ವೋಲ್ಟ್ ಬ್ಯಾಟರಿ ತಾಗಿಸಿದರೆ ಮ್ಯಾಂಗನೀಸ್ ಹೆಚ್ಚಿರುವ ಲೋಹದ ಮೇಲೆ ಕೆಂಪಾಗುತ್ತದೆ. ಹೊರತಳದಲ್ಲಿ ಮಾಡಿಸಿ, ಒಳಗೆ ಬೇಡ.

202 ವಿಷವೇನಲ್ಲ. ಒಣ ದಿನಸಿ ತುಂಬಲು, ನೀರು ಕಾಯಿಸಲು ಅದು ಸಾಕು. ಆದರೆ ಹುಣಸೆಹುಳಿ, ಟೊಮೆಟೊ, ಉಪ್ಪು ಒಟ್ಟಿಗೆ ತಾಸುಗಟ್ಟಲೆ ಕುದಿಯುವ ಪಾತ್ರೆಗೆ 304 ಹೆಚ್ಚು ವರ್ಷ ಬಾಳುತ್ತದೆ. ಮಾಲಿಬ್ಡಿನಂ ಇರುವ 316 ಉಪ್ಪಿಗೆ ಇನ್ನೂ ಗಟ್ಟಿ, ಮನೆಗೆ ಅಷ್ಟು ಬೇಕಿಲ್ಲ.

ತೋರಣಗಲ್ಲಿನಲ್ಲೇ ಸ್ಟೀಲ್ ತಯಾರಾಗುತ್ತದಲ್ಲ, ಬಳ್ಳಾರಿಯಲ್ಲಿ ಪಾತ್ರೆ ಅಗ್ಗ ಇರಬೇಕಲ್ಲವೇ?

ತೋರಣಗಲ್ಲಿನಲ್ಲಿ ಆಗುವುದು ಕಾರು, ಕಟ್ಟಡ, ಪೈಪುಗಳಿಗೆ ಹೋಗುವ ಕಾರ್ಬನ್ ಸ್ಟೀಲ್. ಪಾತ್ರೆಯ ಸ್ಟೇನ್‌ಲೆಸ್ ತಗಡು ಬೇರೆ ರಾಜ್ಯಗಳ ಕಾರ್ಖಾನೆಗಳಿಂದ ಬರುತ್ತದೆ. ಬೆಲೆಯನ್ನು ಏರಿಳಿಸುವುದು ನಿಕ್ಕಲ್, ಸಂಡೂರಿನ ಅದಿರಲ್ಲ.

ಐಎಸ್‌ಐ ಗುರುತು ನೋಡಬೇಕೇ?

ನೋಡಿ. ಸ್ಟೀಲ್ ಪಾತ್ರೆಗಳಿಗೆ ಐಎಸ್ 14756 ಮಾನಕದ ಐಎಸ್‌ಐ ಗುರುತು ಕಡ್ಡಾಯ ಮಾಡುವ ಆದೇಶವನ್ನು ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಹೊರಡಿಸಿತು. ಗುರುತಿನ ಜೊತೆ "ಸಿಎಂ/ಎಲ್" ಎಂದು ಆರಂಭವಾಗುವ ಲೈಸೆನ್ಸ್ ಸಂಖ್ಯೆ ಇರಬೇಕು. ಅದನ್ನು ಭಾರತೀಯ ಮಾನಕ ಬ್ಯೂರೋದ (ಬಿಐಎಸ್) "ಬಿಐಎಸ್ ಕೇರ್" ಆ್ಯಪ್‌ನಲ್ಲಿ ಹಾಕಿದರೆ ತಯಾರಕರ ಹೆಸರು ಬರುತ್ತದೆ. ಸಂಖ್ಯೆಯಿಲ್ಲದ ಬರೀ ಗುರುತಿಗೆ ಬೆಲೆಯಿಲ್ಲ.

ಹಿಡಿಕೆ, ಮುಚ್ಚಳದಲ್ಲಿ ಏನು ನೋಡಬೇಕು?

17 ಲೀಟರ್ ಬೋಗಾಣಿಯಲ್ಲಿ 13 ಲೀಟರ್ ಸಾರಿದ್ದರೆ ಪಾತ್ರೆ ಸೇರಿ 17 ಕೆ.ಜಿ. ಆಯಿತು, ಅದೂ ಕುದಿಯುವ 17 ಕೆ.ಜಿ. ದಪ್ಪ ಬಟ್ಟೆ ಹಿಡಿದ ನಾಲ್ಕು ಬೆರಳೂ ಹಿಡಿಕೆಯೊಳಗೆ ಹೋಗಬೇಕು. ರಿವೆಟ್ ಹಾಕಿದ್ದರೆ ಪ್ರತಿ ಹಿಡಿಕೆಗೆ ನಾಲ್ಕು, ಇಲ್ಲವೆಂದರೆ ಮೂರಾದರೂ ಇರಲಿ. ಬೆಸುಗೆಯದಾದರೆ ಒಳಗೋಡೆ ನುಣುಪಾಗಿರುತ್ತದೆ, ಜಿಡ್ಡು ಕೂರುವುದಿಲ್ಲ. ಆದರೆ ಎರಡೇ ಚುಕ್ಕೆ ಬೆಸುಗೆಯ ಹಿಡಿಕೆ ಒಂದು ದಿನ ಕೈಯಲ್ಲೇ ಉಳಿಯುತ್ತದೆ, ಪಾತ್ರೆ ನೆಲದಲ್ಲಿರುತ್ತದೆ. ಬೇಕಲೈಟ್, ಪ್ಲಾಸ್ಟಿಕ್ ಹಿಡಿಕೆ ಕಟ್ಟಿಗೆ ಒಲೆಗೆ ಆಗುವುದಿಲ್ಲ. ಮುಚ್ಚಳ ಸ್ಟೀಲ್‌ನದೇ ಇರಲಿ. ಅಂಚು ಪಾತ್ರೆಯೊಳಕ್ಕೆ ಇಳಿಯುವಂತಿದ್ದರೆ ಆವಿಯ ಹನಿ ಹೊರಗೆ ಸೋರದೆ ಮತ್ತೆ ಸಾರಿಗೇ ಬೀಳುತ್ತದೆ.

ಇಂಡಕ್ಷನ್ ಮೇಲೆ ಇಡಬಹುದೇ?

ಹೊರತಳಕ್ಕೆ ಆಯಸ್ಕಾಂತ ಗಟ್ಟಿಯಾಗಿ ಅಂಟಿದರೆ ಇಡಬಹುದು. ಆಯಸ್ಕಾಂತಕ್ಕೆ ನಿಜವಾದ ಕೆಲಸ ಇರುವುದು ಇಲ್ಲೇ. ಮನೆಯ ಇಂಡಕ್ಷನ್ ಒಲೆಯ ಸುರುಳಿ ಸಾಮಾನ್ಯವಾಗಿ 20 ಸೆಂ.ಮೀ. ಆಸುಪಾಸು, ಆದ್ದರಿಂದ 24 ಸೆಂ.ಮೀ. ಮೇಲಿನ ಪಾತ್ರೆಯಲ್ಲಿ ಅಂಚು ಹಿಂದುಳಿಯುತ್ತದೆ. ಎಷ್ಟು ಕೆ.ಜಿ. ಭಾರ ಹೊರುತ್ತದೆ ಎಂಬುದನ್ನು ಒಲೆಯ ಕೈಪಿಡಿಯಲ್ಲಿ ಓದಿ.

ಹೊಸ ಪಾತ್ರೆ ಒರೆಸಿದರೆ ಬಟ್ಟೆ ಕಪ್ಪಾಗುತ್ತದೆ. ಬಣ್ಣ ಬಿಡುತ್ತಿದೆಯೇ?

ಅದು ಪಾಲಿಶ್ ಮಾಡಿದ ಪುಡಿಯ ಉಳಿಕೆ, ಬರೀ ನೀರಿಗೆ ಹೋಗದು. ಎರಡು ಚಮಚ ಅಡುಗೆ ಎಣ್ಣೆಯನ್ನು ಬಟ್ಟೆಗೆ ಹಾಕಿ ಒಳಗೆಲ್ಲ ಉಜ್ಜಿ, ಬಿಸಿನೀರು ಸೋಪಿನಿಂದ ತೊಳೆಯಿರಿ. ಬಳಿಕ ಅರ್ಧ ಪಾತ್ರೆ ನೀರಿಗೆ ಒಂದು ಲೋಟ ವಿನೆಗರ್ ಹಾಕಿ ಹತ್ತು ನಿಮಿಷ ಕುದಿಸಿ ಚೆಲ್ಲಿ. ಬಟ್ಟೆ ಬೆಳ್ಳಗೆ ಬರುವವರೆಗೆ ಎಣ್ಣೆಯ ಹಂತವನ್ನು ಮತ್ತೆ ಮಾಡಿ. ಹಳಬರು ಬೂದಿ ಹಾಕಿ ಉಜ್ಜುತ್ತಿದ್ದುದು ಪಾತ್ರೆ ಶುದ್ಧಿಗೇನೋ ಸರಿ, ಹೊಳಪಿಗೆ ಮಾತ್ರ ಗೀರು ಬೀಳುತ್ತದೆ.

ತಳದಲ್ಲಿ ಸೂಜಿ ಚುಚ್ಚಿದಂಥ ಗುಳಿಗಳು ಬಿದ್ದಿವೆ. ಪಾತ್ರೆ ಕಳಪೆಯೇ?

ಪಾತ್ರೆಗಿಂತ ಉಪ್ಪು ಹಾಕಿದ ಹೊತ್ತಿನ ತಪ್ಪು ಇರಬಹುದು. ಸ್ಟೇನ್‌ಲೆಸ್ ತುಕ್ಕು ಹಿಡಿಯದಿರುವುದು ಮೇಲಿನ ಕಣ್ಣಿಗೆ ಕಾಣದ ಕ್ರೋಮಿಯಂ ಆಕ್ಸೈಡ್ ಪದರದಿಂದ. ತಣ್ಣೀರಿಗೆ ಕಲ್ಲುಪ್ಪು ಸುರಿದರೆ ಅದು ಕರಗದೆ ತಳದಲ್ಲಿ ಕೂತು, ಅಲ್ಲಿನ ಗಾಢ ಉಪ್ಪುನೀರು ಆ ಪದರವನ್ನು ಚುಚ್ಚುತ್ತದೆ. ನೀರು ಕುದಿ ಬಂದ ಮೇಲೆ ಉಪ್ಪು ಹಾಕಿ ಒಮ್ಮೆ ತಿರುವಿದರೆ ಇದು ಆಗುವುದಿಲ್ಲ. ಬಿದ್ದ ಗುಳಿ ಮುಚ್ಚಿಕೊಳ್ಳುವುದಿಲ್ಲ, ಆದರೆ ಆಳವಿಲ್ಲದಿದ್ದರೆ ಅಡುಗೆಗೆ ತೊಂದರೆಯಿಲ್ಲ.

ನಮ್ಮ ಕಡೆ ಇದಕ್ಕೆ ದೊಡ್ಡ ಕಾರಣ ಹಸಿ ಶೇಂಗಾ. ಐದು ಲೀಟರ್ ನೀರಿಗೆ ಕಾಲು ಕೆ.ಜಿ. ಉಪ್ಪು ಹಾಕಿ ಕುದಿಸಿ, ಉಪ್ಪು ಹಿಡಿಯಲೆಂದು ರಾತ್ರಿಯಿಡೀ ಅದೇ ಬೋಗಾಣಿಯಲ್ಲಿ ಬಿಡುತ್ತಾರೆ. ಒಂದೆರಡು ತಾಸಿಗೆ ಬಸಿದು ಪಾತ್ರೆ ತೊಳೆದಿಡಿ. ಉಪ್ಪಿನಕಾಯಿಯ ನಿಂಬೆ, ಮಾವು ಕಲಸಿಡಲೂ ಭರಣಿಯೇ ಸರಿ. ಪಾತ್ರೆ ಬೆಳ್ಳಗಾಗಲೆಂದು ಬ್ಲೀಚಿಂಗ್ ಪುಡಿ ಹಾಕುವುದು ಉಪ್ಪಿಗಿಂತ ಕೆಟ್ಟದ್ದು. ಕಬ್ಬಿಣದ ತಂತಿ ಉಂಡೆ ಬಿಟ್ಟುಹೋದ ಚೂರುಗಳು ಮರುದಿನ ತುಕ್ಕಾಗಿ ಕಾಣುತ್ತವೆ. ಪಾತ್ರೆಗೇ ತುಕ್ಕು ಬಂತೆಂದು ಅಂಗಡಿಗೆ ಓಡುವ ಮೊದಲು ಹುಣಸೆಹುಳಿ ಹಾಕಿ ಉಜ್ಜಿ ನೋಡಿ.

ಬೋರ್‌ವೆಲ್ ನೀರು ಕುದಿಸಿದರೆ ಒಳಗೆ ಬಿಳಿ ಪೊರೆ ಕೂರುತ್ತದೆ. ಏನು ಮಾಡುವುದು?

ಸವಳು ನೀರಿನ ಸುಣ್ಣದಂಶ ಅದು. ಲೀಟರ್ ನೀರಿಗೆ ಒಂದು ದೊಡ್ಡ ಚಮಚ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲದ ಹರಳು, ಹಾಕಿ ಹದಿನೈದು ನಿಮಿಷ ಬಿಸಿ ಮಾಡಿದರೆ ಕರಗಿಹೋಗುತ್ತದೆ. ನಿಂಬೆಹುಳಿ, ಹುಣಸೆರಸವೂ ನಡೆಯುತ್ತವೆ, ತುಸು ನಿಧಾನ. ಚಾಕು ಹಾಕಿ ಕೆರೆಯಬೇಡಿ. ಬಿಡುವುದು ಬೇಡ, ಪೊರೆ ದಪ್ಪವಾದಷ್ಟೂ ಶಾಖ ತಡೆದು ಗ್ಯಾಸ್ ತಿನ್ನುತ್ತದೆ. ನೀಲಿ, ಹೊಂಬಣ್ಣದ ಕಾಮನಬಿಲ್ಲಿನ ಕಲೆಗೂ ಇದೇ ಮದ್ದು. ಆ ಕಲೆ ಹೆಚ್ಚು ಶಾಖದಿಂದ ಆಕ್ಸೈಡ್ ಪದರ ದಪ್ಪಗಾದದ್ದರಿಂದ ಬರುತ್ತದೆ, ಆರೋಗ್ಯಕ್ಕೆ ಹಾನಿಯಿಲ್ಲ.

ಪಾತ್ರೆಯ ವಿಷಯವಲ್ಲದಿದ್ದರೂ ಹೇಳಬೇಕಾದ ಮಾತು: ಕೊಪ್ಪಳ, ರಾಯಚೂರು ಜಿಲ್ಲೆಗಳ ಅನೇಕ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದು ಕುದಿಸಿದರೆ ಹೋಗದು. ನೀರು ಇಂಗಿದಷ್ಟೂ ಸಾಂದ್ರವಾಗುತ್ತದೆ. ತಾಸುಗಟ್ಟಲೆ ಇಂಗಿಸುವ ಸೂಪಿಗೆ ಶುದ್ಧೀಕರಿಸಿದ ನೀರನ್ನೇ ಹಾಕಿ.

ತಳ ಸೀದುಹೋದರೆ?

ಮೇಲಿನದನ್ನು ಕಲಕದೆ ಬೇರೆ ಪಾತ್ರೆಗೆ ಬಗ್ಗಿಸಿ. ಸೀದ ಜಾಗ ಮುಳುಗುವಷ್ಟು ನೀರಿಗೆ ಎರಡು ಚಮಚ ಅಡುಗೆ ಸೋಡಾ ಹಾಕಿ ಹತ್ತು ನಿಮಿಷ ಕುದಿಸಿ, ರಾತ್ರಿಯೆಲ್ಲ ಬಿಟ್ಟು, ಮರದ ಸೌಟಿನಿಂದ ತೆಗೆಯಿರಿ. ನೀರೆಲ್ಲ ಇಂಗಿ ಖಾಲಿ ಪಾತ್ರೆ ಕಾದಿದ್ದರೆ ತಕ್ಷಣ ತಣ್ಣೀರು ಸುರಿಯಬೇಡಿ. ಸ್ಟೀಲ್ ಮತ್ತು ಅಲ್ಯುಮಿನಿಯಂ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗಿ ಬಿಲ್ಲೆ ಕಿತ್ತುಬರುತ್ತದೆ. ಉರಿ ಆರಿಸಿ, ಹಾಗೇ ಆರಲು ಬಿಡಿ. ಬಿಲ್ಲೆಯ ಅಂಚಿನಲ್ಲಿ ಬಿರುಕು ಕಂಡರೆ ಅಥವಾ ಕಾಯಿಸುವಾಗ "ಟಪ್ ಟಪ್" ಸದ್ದು ಬಂದರೆ ಒಳಗೆ ನೀರು ಸೇರಿದೆ ಎಂದರ್ಥ. ಆ ಪಾತ್ರೆಯನ್ನು ಮತ್ತೆ ಒಲೆಗೆ ಏರಿಸಬೇಡಿ.

ಕಟ್ಟಿಗೆ ಒಲೆಗೆ?

ಬಿಲ್ಲೆಯಿಲ್ಲದ, 16 ಅಥವಾ 18 ಗೇಜ್‌ನ ಬರೀ ಸ್ಟೀಲ್ ಪಾತ್ರೆ ಒಳ್ಳೆಯದು, ಉರಿ ಸುತ್ತಲೂ ಹಬ್ಬುವುದರಿಂದ ಬಿಲ್ಲೆಯ ಅಗತ್ಯ ಕಡಿಮೆ. ಹೊರಗೆ ಮಣ್ಣು, ಬೂದಿ ಕಲಸಿ ತೆಳ್ಳಗೆ ಬಳಿದು ಒಣಗಿಸಿ ಇಡಿ; ಮಸಿ ಆ ಮಣ್ಣಿನ ಜೊತೆಗೇ ತೊಳೆದುಹೋಗುತ್ತದೆ.

ಪಾತ್ರೆಗೆ ಹೆಸರು ಹಾಕಿಸಬಹುದೇ?

ಹಾಕಿಸಿ, ಕಂಠದ ಹೊರಗೆ ಅಥವಾ ಹಿಡಿಕೆಯ ಬದಿಗೆ. ಒಳತಳದಲ್ಲಿ ಕೊರೆಸಿದರೆ ಅಕ್ಷರದ ಗೀರಿನಲ್ಲಿ ಉಪ್ಪು, ಜಿಡ್ಡು ನಿಂತು ಗುಳಿ ಬೀಳುವುದು ಅಲ್ಲಿಂದಲೇ ಶುರುವಾಗುತ್ತದೆ. ಕೊರೆಸುವ ಮೊದಲು ನೀರು ತುಂಬಿ ಸೋರಿಕೆ ನೋಡಿಬಿಡಿ. ಹೆಸರು ಬಿದ್ದ ಪಾತ್ರೆಯನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದಿಲ್ಲ.

ರಾತ್ರಿ ಮಾಡಿದ ದೊಡ್ಡ ಬೋಗಾಣಿ ಸಾರು ಬೆಳಿಗ್ಗೆ ಹಳಸಿರುತ್ತದೆ. ಸ್ಟೀಲ್‌ನ ದೋಷವೇ?

ಅಲ್ಲ, ಗಾತ್ರದ್ದು. ಹನ್ನೆರಡು ಲೀಟರ್ ಸಾರನ್ನು ಮುಚ್ಚಿಟ್ಟರೆ ನಮ್ಮ ಬೇಸಿಗೆಯ ರಾತ್ರಿಯಲ್ಲಿ ಬೆಳಗಿನವರೆಗೂ ಅದರ ನಡುಭಾಗ ಬೆಚ್ಚಗೇ ಇರುತ್ತದೆ. ಬ್ಯಾಕ್ಟೀರಿಯಾಗಳಿಗೆ ಬೇಕಿರುವುದು ಅದೇ ಬಿಸುಪು. ಕೆಲವು ಬ್ಯಾಕ್ಟೀರಿಯಾಗಳ ಬೀಜಕಗಳು ಕುದಿಯಲ್ಲೂ ಸಾಯುವುದಿಲ್ಲ, ಆರುವಾಗ ಮೊಳೆಯುತ್ತವೆ. 60 ಡಿಗ್ರಿಯಿಂದ 21ಕ್ಕೆ ಎರಡು ತಾಸಿನೊಳಗೆ, ಅಲ್ಲಿಂದ 5ಕ್ಕೆ ಇನ್ನು ನಾಲ್ಕು ತಾಸಿನೊಳಗೆ ಇಳಿಸಬೇಕು.

ಊಟವಾದ ಕೂಡಲೇ ಉಳಿದದ್ದನ್ನು ಅಗಲವಾದ, ಕುಳ್ಳನೆಯ ಪಾತ್ರೆಗಳಿಗೆ ಮೂರು ನಾಲ್ಕು ಬೆರಳು ಆಳಕ್ಕೆ ಹಂಚಿ. ಅವನ್ನು ತಣ್ಣೀರು ತುಂಬಿದ ಪರಾತದಲ್ಲಿಟ್ಟು ಆಗಾಗ ಸೌಟಾಡಿಸಿ, ನೀರು ಬೆಚ್ಚಗಾದಾಗ ಬದಲಿಸಿ. ಬೇಸಿಗೆಯಲ್ಲಿ ಟ್ಯಾಂಕಿನ ನೀರೇ ಬಿಸಿ ಇರುವುದರಿಂದ ಮೊದಲು ಕೊಡದ ನೀರು, ಕೊನೆಗೆ ಮಂಜುಗಡ್ಡೆ ಹಾಕಿ. ಆವಿ ನಿಂತ ಮೇಲೆ ಮುಚ್ಚಿ ಫ್ರಿಜ್‌ಗೆ ಇಡಿ. ಬಿಸಿ ಬೋಗಾಣಿಯನ್ನೇ ಫ್ರಿಜ್‌ನೊಳಗೆ ತುರುಕಿದರೆ ಸಾರೂ ಬೇಗ ಆರುವುದಿಲ್ಲ, ಪಕ್ಕದ ಹಾಲೂ ಕೆಡುತ್ತದೆ.